ಲಿವರ್ ಎಳೆಯುವ ಮೊದಲು

ಹಿಂದಿನ ಸೀಟಿನಲ್ಲಿ ಕೂತುಬಿಡಿ. ಬೆಲ್ಟು ಅಲ್ಲೇ ಎಲ್ಲೋ ಇದೆ, ತಡಕಾಡಿದರೆ ಕೈಗೆ ಸಿಗುತ್ತದೆ. ಮುಂದೆ ಎಡಗಡೆ ಹಾನ್ ಸೋಲೊ, ಬಲಗಡೆ ಏಳೂವರೆ ಅಡಿ ಎತ್ತರದ ಚ್ಯೂಬಾಕ. ನಿಮ್ಮ ನೋಟದ ಕಾಲು ಭಾಗವನ್ನು ಅವನ ಭುಜದ ರೋಮವೇ ನುಂಗಿದೆ. ಉಳಿದ ಮುಕ್ಕಾಲು ಕಿಟಕಿ, ಕಿಟಕಿಯ ತುಂಬ ಕತ್ತಲು. ತಲೆಯ ಮೇಲೆ, ಮೊಣಕೈಯ ಪಕ್ಕ, ಎಲ್ಲಿ ನೋಡಿದರೂ ಸ್ವಿಚ್ಚುಗಳು. ಮೇಲಿನಿಂದ ಇಳಿಬಿದ್ದ ಸಣ್ಣ ಸರಪಳಿಯಲ್ಲಿ ಚಿನ್ನದ ಬಣ್ಣದ ಒಂದು ಜೊತೆ ದಾಳಗಳು ತೂಗಾಡುತ್ತಿವೆ. ನಮ್ಮ ಲಾರಿಗಳಲ್ಲಾದರೆ ಅಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಇರುತ್ತಿತ್ತು. ಈ ದಾಳಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಡಗಿನ ಹೆಸರು ಮಿಲೇನಿಯಮ್ ಫಾಲ್ಕನ್. ಕೊರೆಲಿಯಾದಲ್ಲಿ ಕಟ್ಟಿದ ವೈಟಿ-1300 ಮಾದರಿಯ ಸರಕು ಹಡಗು. ಹೊರಗಿನಿಂದ ನೋಡಿದವರು ಗುಜರಿ ಅಂದುಕೊಂಡರೆ ತಪ್ಪಿಲ್ಲ. ಈಗಷ್ಟೇ ಟಾಟೂಯಿನ್ ಎಂಬ ಮರಳುಗ್ರಹದ ಮಾಸ್ ಐಸ್ಲಿ ಊರಿನಿಂದ, 94ನೇ ನಂಬರಿನ ನಿಲುಗಡೆಯಿಂದ ಎದ್ದು ಬಂದಿದೆ. ಹೋಗಬೇಕಾದದ್ದು ಆಲ್ಡೆರಾನ್ ಗ್ರಹಕ್ಕೆ. ಬಾಡಿಗೆ ಮುಂಗಡ 2,000, ತಲುಪಿದ ಮೇಲೆ 15,000. ಬಾಡಿಗೆ ಮಾತಾಡಿದ ಮುದುಕ ಓಬಿ-ವಾನ್ ಕೆನೋಬಿ, ಅವನ ಜೊತೆಗೆ ಬಂದ ಹುಡುಗ ಲ್ಯೂಕ್, ಇಬ್ಬರೂ ನಿಮ್ಮ ಪಕ್ಕದಲ್ಲೇ ನಿಂತು ಕಿಟಕಿಯತ್ತ ಬಗ್ಗಿದ್ದಾರೆ. ಹಿಂದೆ ಸಾಮ್ರಾಜ್ಯದ ಯುದ್ಧನೌಕೆಗಳು ಬೆನ್ನುಹತ್ತಿವೆ. ಹಡಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. 1977ರ ಮೇ 25ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಾಗ ಮೊದಲ ಪ್ರೇಕ್ಷಕರು ಬಂದು ಕೂತದ್ದೂ ಇದೇ ಸೀಟಿನಲ್ಲಿ, ಇದೇ ಗಡಿಬಿಡಿಯಲ್ಲಿ.

ಬೆಳಕನ್ನು ಮೀರಿಸುವ ಎಂಜಿನ್ ಹೊಟ್ಟೆಯಲ್ಲಿಟ್ಟುಕೊಂಡ ಹಡಗು ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ, ಪೇರಿ ಕೀಳುವುದು. ಫಾಲ್ಕನ್ ಕೀಳುತ್ತಿಲ್ಲ. ಹಾನ್ ಒಂದು ಕಣ್ಣನ್ನು ಬೆನ್ನಟ್ಟಿ ಬರುವವರ ಮೇಲೆ, ಇನ್ನೊಂದನ್ನು ಕಂಪ್ಯೂಟರಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಾನೆ. ಹುಡುಗನಿಗೆ ತಾಳ್ಮೆ ಇಲ್ಲ, ಅವರು ಹತ್ತಿರ ಬರುತ್ತಿದ್ದಾರಲ್ಲ ಎಂದು ಗೊಣಗುತ್ತಾನೆ. ಹಾನ್ ತಿರುಗಿ ಗದರುತ್ತಾನೆ. ಲೆಕ್ಕ ಪಕ್ಕಾ ಆಗದೆ ಹಾರಿದರೆ ನೆಟ್ಟಗೆ ಯಾವುದೋ ನಕ್ಷತ್ರದ ಹೊಟ್ಟೆಯೊಳಗೆ ಹೊಕ್ಕುಬಿಟ್ಟೇವು ಎಂಬುದು ಆ ಗದರಿಕೆಯ ತಾತ್ಪರ್ಯ. ಜಾರ್ಜ್ ಲುಕಾಸ್ ಅವರ ಚಿತ್ರ ಈ ವಿಷಯಕ್ಕೆ ಕೊಟ್ಟ ಮಾತು ಹೆಚ್ಚುಕಡಿಮೆ ಅಷ್ಟೇ. ಆ ನಾಲ್ಕು ಮಾತಿನಿಂದ ಮುಂದೆ ಕಾದಂಬರಿಗಳು, ಆಟದ ಕೈಪಿಡಿಗಳು, ಧಾರಾವಾಹಿಗಳು ಸೇರಿ ಒಂದು ಇಡೀ ನೌಕಾಶಾಸ್ತ್ರವನ್ನೇ ಬೆಳೆಸಿದವು. ನನ್ನನ್ನು ಕೇಳಿದರೆ, ಆ ಶಾಸ್ತ್ರದ ಜೀವ ಇರುವುದು ಎಂಜಿನ್ನಿನಲ್ಲಿ ಅಲ್ಲ, ಈ ಕಾಯುವ ನಿಮಿಷಗಳಲ್ಲಿ. ಲಿವರನ್ನು ಯಾರಾದರೂ ಎಳೆಯಬಹುದು.

ಏನನ್ನು ಕಾಯುತ್ತಿದ್ದಾರೆ ನೋಡೋಣ.

ನಕ್ಷತ್ರಗಳ ನಡುವಿನ ದೂರ ಮನುಷ್ಯನ ಅಂದಾಜಿಗೆ ಸಿಗುವಂಥದ್ದಲ್ಲ. ಈ ಚಿತ್ರ ಬಂದ ವರ್ಷವೇ, 1977ರ ಸೆಪ್ಟೆಂಬರ್ 5ರಂದು, ವಾಯೇಜರ್-1 ನೌಕೆ ಹೊರಟಿತು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗ. ಅದು ನಮ್ಮ ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾದ ದಿಕ್ಕಿಗೇ ಹೊರಟಿದ್ದರೂ ತಲುಪಲು ಸುಮಾರು 75 ಸಾವಿರ ವರ್ಷ ಬೇಕಿತ್ತು. ಅದು ಪಕ್ಕದ ಮನೆಯ ದೂರ. ಟಾಟೂಯಿನ್ ಇರುವುದು ಗ್ಯಾಲಕ್ಸಿಯ ಹೊರ ಅಂಚಿನಲ್ಲಿ, ಆಲ್ಡೆರಾನ್ ಒಳಗಿನ ತಿರುಳಿನಲ್ಲಿ. ಇಂಥ ದೂರವನ್ನು ಒಂದು ರಾತ್ರಿಯ ಬಸ್ ಪ್ರಯಾಣದ ಹೊತ್ತಿನಲ್ಲಿ ಮುಗಿಸಬೇಕೆಂದರೆ ಕತೆಗಾರನಿಗೆ ಬೇರೆಯದೇ ದಾರಿ ಬೇಕು. ಹಾಗಾಗಿ ಹೈಪರ್‌ಸ್ಪೇಸ್. ಪದ ಲುಕಾಸ್ ಅವರದಲ್ಲ; 1940ರ ದಶಕದಲ್ಲೇ ಐಸಾಕ್ ಅಸಿಮೋವ್ ತಮ್ಮ ‘ಫೌಂಡೇಶನ್’ ಕತೆಗಳಲ್ಲಿ ಹಡಗುಗಳನ್ನು ಅದರೊಳಗೆ ಜಿಗಿಸುತ್ತಿದ್ದರು. ನಮ್ಮ ಈ ಆಕಾಶದ ಅಡಿಯಲ್ಲೋ ಪಕ್ಕದಲ್ಲೋ ಇರುವ ಇನ್ನೊಂದು ಆಯಾಮ. ಅದರೊಳಗೆ ಹೊಕ್ಕರೆ ದೂರವೆಲ್ಲ ಮಡಿಚಿದ ಪಂಚೆಯ ಹಾಗೆ ಚಿಕ್ಕದಾಗುತ್ತದೆ.

ಹೊಕ್ಕ ಮೇಲೆ ಅಲ್ಲಿ ಏನೂ ಇಲ್ಲ ಎಂದುಕೊಂಡರೆ ಕೆಟ್ಟಿರಿ. ಈ ಲೋಕದ ನಕ್ಷತ್ರ, ಗ್ರಹ, ಕಪ್ಪುರಂಧ್ರ ಎಲ್ಲವೂ ತಮ್ಮ ನೆರಳನ್ನು ಆ ಲೋಕದಲ್ಲೂ ಚೆಲ್ಲಿವೆ. ಬೆಳಕಿನ ನೆರಳಲ್ಲ, ತೂಕದ ನೆರಳು. ಬಿಸಿಲಲ್ಲಿ ಹೊಂಗೆಮರ ಅಂಗಳದಲ್ಲಿ ನೆರಳು ಹಾಸಿದ ಹಾಗೆ ಸೂರ್ಯನೊಬ್ಬ ತನ್ನ ಗುರುತ್ವವನ್ನು ಹೈಪರ್‌ಸ್ಪೇಸಿನಲ್ಲಿ ಹಾಸಿಕೊಂಡು ಕೂತಿರುತ್ತಾನೆ. ಆ ನೆರಳಿಗೆ ಹಡಗು ತಾಗಿದರೆ ಗೋಡೆಗೆ ತಾಗಿದಂತೆಯೇ. ಅದಕ್ಕೇ ಹಡಗಿನಲ್ಲಿ ರಕ್ಷಣಾ ಏರ್ಪಾಡು ಇರುತ್ತದೆ: ನೆರಳು ಎದುರಾದ ಕ್ಷಣ ಎಂಜಿನ್ ತಾನೇ ಆರಿ, ಹಡಗನ್ನು ಮಾಮೂಲಿ ಆಕಾಶಕ್ಕೆ ಎತ್ತಿ ಹಾಕುತ್ತದೆ. ಅದೇ ಕಾರಣಕ್ಕೆ ಗ್ರಹದ ಮಗ್ಗುಲಿನಿಂದಲೇ ಜಿಗಿಯುವುದು ಹುಚ್ಚುಸಾಹಸ. ಫಾಲ್ಕನ್ ಈಗ ಟಾಟೂಯಿನ್ನಿನ ನೆರಳಿನಿಂದ ಹೊರಗೆ ಓಡುತ್ತಿದೆ. ಆ ಗ್ರಹಕ್ಕೆ ಸೂರ್ಯರು ಬೇರೆ ಇಬ್ಬರು. ನಿಮ್ಮ ಬೆನ್ನಿಗೆ ಸೀಟು ನಡುಗುವುದು ತಾಗುತ್ತಿದೆಯಲ್ಲ, ಅದು ಆ ಓಟ.

ಓಟದ ಜೊತೆಗೇ ಲೆಕ್ಕ. ಅದನ್ನು ಮಾಡುವುದು ನ್ಯಾವಿಕಂಪ್ಯೂಟರ್. ನಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗಬೇಕು ಎಂಬ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದರೆ ಮುಗಿಯಿತಲ್ಲ ಎನ್ನಬೇಡಿ. ಆ ಚುಕ್ಕೆಗಳು ನಿಂತಲ್ಲಿ ನಿಂತಿಲ್ಲ. ಗ್ರಹ ಸೂರ್ಯನ ಸುತ್ತ, ಸೂರ್ಯ ಗ್ಯಾಲಕ್ಸಿಯ ಸುತ್ತ. ನಡುವಿನ ಸಾವಿರಾರು ನೆರಳುಗಳೂ ತಮ್ಮ ತಮ್ಮ ಪಾಡಿಗೆ ಜರುಗುತ್ತಿವೆ. ಈ ಪಾಠ ನಮಗೇನೂ ಹೊಸದಲ್ಲ. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ಮಂಗಳಯಾನವನ್ನು ಮಂಗಳ ಅಂದು ಇದ್ದ ಜಾಗಕ್ಕೆ ಗುರಿಯಿಟ್ಟು ಎಸೆಯಲಿಲ್ಲ. 2014ರ ಸೆಪ್ಟೆಂಬರ್ 24ಕ್ಕೆ ಅದು ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ ಎಸೆದರು. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕೂತವರು, ಬ್ಯಾಲಾಳಿನ 32 ಮೀಟರಿನ ಆಂಟೆನಾ ಹಿಡಿದು ತಂದ ಸಂಕೇತವನ್ನು ನೋಡುತ್ತ, ತಿಂಗಳುಗಟ್ಟಲೆ ಆ ಲೆಕ್ಕವನ್ನು ತಿದ್ದುತ್ತಲೇ ಇದ್ದರು. ನೌಕೆ ಮಂಗಳವನ್ನು ಮುಟ್ಟಿದ ದಿನ ಅಲ್ಲಿಂದ ಇಲ್ಲಿಗೆ ಸುದ್ದಿ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಒಂದು ಗ್ರಹ, ಹತ್ತು ತಿಂಗಳು ತಿದ್ದುಪಡಿಗೆ ಸಮಯ. ಹಾನ್‌ಗೆ ಸಾವಿರ ನಕ್ಷತ್ರ, ಎರಡು ನಿಮಿಷ, ಹಿಂದಿನಿಂದ ಗುಂಡು.

ಹಾಗಾದರೆ ಎರಡು ನಿಮಿಷದಲ್ಲಿ ಆಗುವುದಾದರೂ ಹೇಗೆ? ಗುಟ್ಟು ಇಷ್ಟೇ. ಕಂಪ್ಯೂಟರ್ ಹೊಸ ದಾರಿ ಹುಡುಕುತ್ತಿಲ್ಲ, ಹಳೇ ದಾರಿಗಳನ್ನು ನೆನಪಿಸಿಕೊಳ್ಳುತ್ತಿದೆ.

ಶಿರಾಡಿ ಘಾಟಿಯಲ್ಲಿ ಮಂಜು ಕವಿದ ರಾತ್ರಿ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಲೈಟಿನ ಬೆಳಕು ಹತ್ತಡಿ ಮುಂದೆ ಬಿಳಿಗೋಡೆಗೆ ತಾಗಿ ಅಲ್ಲೇ ನಿಂತಿರುತ್ತದೆ. ಆದರೂ ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಾನೆ, ತಿರುಗಿಸಿದ ಮೇಲೆ ತಿರುವು ಬರುತ್ತದೆ. ದಾರಿ ಅವನ ಕೈಯಲ್ಲಿರುತ್ತದೆ. ಗ್ಯಾಲಕ್ಸಿಯ ಹೆದ್ದಾರಿಗಳೂ ಹಾಗೆ ಕೈಯಿಂದ ಕೈಗೆ ಬಂದವು. ಪರ್ಲೀಮಿಯನ್, ಹೈಡಿಯನ್, ಕೊರೆಲಿಯನ್, ರಿಮ್ಮಾ ಎಂದೆಲ್ಲ ಅವುಗಳ ಹೆಸರು. ನೆರಳುಗಳ ನಡುವೆ ಯಾರೋ ಒಂದು ಕಾಲದಲ್ಲಿ ತಡವಿಕೊಂಡು ಹೋಗಿ ಬದುಕಿ ಬಂದರು. ಅವರ ಅಂಕಿಗಳು ಉಳಿದವು, ಬದುಕಿ ಬರದವರ ಅಂಕಿಗಳು ಉಳಿಯಲಿಲ್ಲ. ಹೀಗೆ ದಾರಿ ಹುಡುಕುವುದನ್ನೇ ಕಸುಬಾಗಿಸಿಕೊಂಡ ಮನೆತನಗಳು ಈ ಕತೆಗಳಲ್ಲಿವೆ, ಸಾನ್ ಟೆಕಾ ಮನೆತನ ಅವುಗಳಲ್ಲೊಂದು. ನಕ್ಷೆಯ ಎಲ್ಲ ಅಂಕಿಗಳೂ ಶುರುವಾಗುವುದು ರಾಜಧಾನಿ ಕೊರಸ್ಕಾಂಟ್‌ನಿಂದ: ಅದರ ವಿಳಾಸ ಸೊನ್ನೆ, ಸೊನ್ನೆ, ಸೊನ್ನೆ. ಗ್ಯಾಲಕ್ಸಿಯ ನಟ್ಟನಡುವೆ ಇರುವುದು ಅದಲ್ಲ ಎಂಬುದು ಬೇರೆ ಮಾತು. ಅಧಿಕಾರ ಕೂತಲ್ಲಿಂದಲೇ ಅಳತೆ ಶುರು. ಬ್ರಿಟಿಷರು ನಾಗಪುರದಲ್ಲಿ ಶೂನ್ಯ ಮೈಲಿಗಲ್ಲು ನೆಟ್ಟಾಗಲೂ ಊರುಗಳನ್ನು ಕೇಳಿ ನೆಡಲಿಲ್ಲ.

ಇನ್ನು ಆ ದಾಳಗಳು. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಎಂಬ ಕಂಪನಿ ಈ ಲೋಕವನ್ನು ಮೇಜಿನ ಮೇಲೆ ಆಡುವ ಪಾತ್ರಾಭಿನಯದ ಆಟವಾಗಿ ಹೊರತಂದಿತು. ಚಿತ್ರ ಹೇಳದೆ ಬಿಟ್ಟ ಎಷ್ಟೋ ಸಂಗತಿಗಳಿಗೆ ನಿಯಮ ಕಟ್ಟಬೇಕಾದ ಅನಿವಾರ್ಯ ಆ ಆಟದವರದು. ಅವರು ದಾರಿ ಲೆಕ್ಕವನ್ನು ಒಂದು ಕೌಶಲವನ್ನಾಗಿಸಿ, ಅದಕ್ಕೆ ದಾಳ ಹಾಕಬೇಕು ಎಂದರು. ಸಾವಧಾನವಾಗಿ, ಗೊತ್ತಿರುವ ದಾರಿಯನ್ನು ಲೆಕ್ಕ ಹಾಕಿದರೆ ಕಡಿಮೆ ಅಂಕ ಬಿದ್ದರೂ ಪಾಸು. ಅವಸರ ಮಾಡಿದಷ್ಟೂ ಬೇಕಾದ ಅಂಕ ಏರುತ್ತದೆ. ಅಂಕ ಬೀಳದಿದ್ದರೆ ಹಡಗು ಹೋಗಿ ಸೇರುವ ಜಾಗ ಆಡಿಸುವವನ ಮರ್ಜಿ. ಮುಂದೆ ಟಿಮೊತಿ ಝಾನ್ ಈ ಲೋಕದ ಕಾದಂಬರಿ ಬರೆಯಲು ಕೂತಾಗ ಲುಕಾಸ್ ಅವರ ಕಂಪನಿ ಲುಕಾಸ್‌ಫಿಲ್ಮ್ ಅವರ ಕೈಗಿತ್ತದ್ದು ಇದೇ ಆಟದ ಪುಸ್ತಕಗಳನ್ನು. ಮೇಜಿನ ಮೇಲೆ ಉರುಳಿದ ದಾಳ ಹೀಗೆ ಇಡೀ ಗ್ಯಾಲಕ್ಸಿಯ ಭೌತಶಾಸ್ತ್ರಕ್ಕೆ ಅಡಿಪಾಯವಾಯಿತು. ಕಾಕ್‌ಪಿಟ್ಟಿನಲ್ಲಿ ಅವು ತೂಗುತ್ತಿರುವುದು ಬರೀ ಅಲಂಕಾರಕ್ಕೆ ಎಂದು ನಂಬಲು ನನಗೆ ಮನಸ್ಸಿಲ್ಲ.

ಒಂದು ದೀಪ ಮಿನುಗತೊಡಗಿದೆ. ರಕ್ಷಾಕವಚ ಒಂದು ಕಡೆ ಸೋಲುತ್ತಿದೆ. ಮುದುಕನನ್ನೂ ಹುಡುಗನನ್ನೂ ಹಾನ್ ಹಿಂದಕ್ಕೆ ಅಟ್ಟುತ್ತಾನೆ, ಹೋಗಿ ಬೆಲ್ಟು ಹಾಕಿಕೊಳ್ಳಿ ಎಂದು. ನಿಮ್ಮನ್ನು ಯಾರೂ ಗಮನಿಸಿದಂತಿಲ್ಲ, ಕೂತೇ ಇರಿ. ಹಾನ್‌ನ ಕೈ ಲಿವರ್ ಮೇಲೆ ಹೋಗುತ್ತದೆ.

ಚುಕ್ಕೆಗಳೆಲ್ಲ ಗೆರೆಗಳಾಗುತ್ತವೆ.

ಮೊದಲು ಅಂಚಿನ ಚುಕ್ಕೆಗಳು ಸ್ವಲ್ಪ ಎಳೆದುಕೊಳ್ಳುತ್ತವೆ, ದೋಸೆಕಾವಲಿಯ ಮೇಲೆ ಹಿಟ್ಟು ಹೊರಕ್ಕೆ ಹರಡಿದ ಹಾಗೆ. ಮರುಕ್ಷಣ ಎಲ್ಲವೂ ಉದ್ದುದ್ದ ಬಿಳಿ ದಾರಗಳಾಗಿ ಹಿಂದಕ್ಕೆ ಸರಿದುಹೋಗುತ್ತವೆ. ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಸದ್ದಿಲ್ಲ, ಗುಂಡಿಲ್ಲ, ಬೆನ್ನಟ್ಟುವವರಿಲ್ಲ.

ಸಿನಿಮಾ ನೋಡಿದ ಯಾರಿಗೂ ಈ ಗೆರೆಗಳು ಮರೆಯುವುದಿಲ್ಲ. 2013ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ನಾಲ್ವರು ಭೌತವಿಜ್ಞಾನ ವಿದ್ಯಾರ್ಥಿಗಳು ಕೂತು ಇದಕ್ಕೆ ಲೆಕ್ಕ ಹಾಕಿದರು. ಬೆಳಕಿನ ವೇಗದ ಹತ್ತಿರ ಹತ್ತಿರ ಹೋಗುವ ಹಡಗಿನಿಂದ ಗೆರೆಗಳು ಕಾಣವು ಎಂಬುದು ಅವರ ಉತ್ತರ. ಎದುರಿನ ನಕ್ಷತ್ರಗಳ ಬೆಳಕಿನ ಅಲೆಗಳು ಒತ್ತಿಕೊಂಡು ಎಕ್ಸ್-ಕಿರಣಗಳಾಗಿಬಿಡುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಅವುಗಳ ಬದಲು, ಮಹಾಸ್ಫೋಟದ ಕಾಲದಿಂದ ವಿಶ್ವದ ತುಂಬ ಉಳಿದಿರುವ ಮೈಕ್ರೋವೇವ್ ಕಾವು ಕಣ್ಣಿಗೆ ಕಾಣುವ ಬೆಳಕಾಗಿ ಬದಲಾಗಿ, ಕಿಟಕಿಯ ನಡುವೆ ಒಂದು ಮಸುಕಾದ ಬೆಳ್ಳಿತಟ್ಟೆಯಂತೆ ಹೊಳೆಯುತ್ತದೆ. ಎಕ್ಸ್-ಕಿರಣಗಳು ಹಡಗನ್ನು ಎದುರಿನಿಂದ ನೂಕುತ್ತವೆ ಕೂಡ. ಲೆಕ್ಕ ಸರಿಯೇ ಇರಬೇಕು. ಆದರೆ ಹೈಪರ್‌ಸ್ಪೇಸ್ ಬೇರೆಯದೇ ಲೋಕವಾದ್ದರಿಂದ ಹಾನ್ ಪರ ವಕೀಲರಿಗೆ ವಾದ ಮಾಡಲು ಜಾಗವಿದೆ. ಅಲ್ಲದೆ, ಮಂಕು ತಟ್ಟೆಯೊಂದನ್ನು ನೋಡಲು 1977ರಲ್ಲಿ ಯಾರು ಎರಡನೇ ಸಲ ಟಿಕೆಟ್ ತೆಗೆಯುತ್ತಿದ್ದರು?

ಬೆಲ್ಟು ಬಿಚ್ಚಿ ಎದ್ದು ಬನ್ನಿ. ದಾರಿ ಹಿಡಿದ ಮೇಲೆ ಮನುಷ್ಯನಿಗೆ ಕೆಲಸ ಕಡಿಮೆ. ವಕ್ರವಾದ ಓಣಿಯಲ್ಲಿ ನಡೆದು ಹಿಂದಕ್ಕೆ ಬಂದರೆ ನಡುಮನೆಯಂಥ ಜಾಗ. ಚ್ಯೂಬಾಕ ದುಂಡುಮೇಜಿನ ಮೇಲೆ ಬೆಳಕಿನ ಬೊಂಬೆಗಳ ಚದುರಂಗ ಆಡುತ್ತಿದ್ದಾನೆ. ಎದುರಾಳಿ ಆರ್2-ಡಿ2, ನೀಲಿ ಬಿಳಿ ಬಣ್ಣದ ಗಿಡ್ಡ ಡ್ರಾಯ್ಡ್, ಎಂದರೆ ರೋಬಾಟ್. ಅದು ಆಟದ ಗೊಂಬೆಯಂತೆ ಕಂಡರೂ ಕುಲಕಸುಬಿನಲ್ಲಿ ಅದೂ ನಾವಿಕನೇ. ಒಂಟಿ ಪೈಲಟ್ಟಿನ ಯುದ್ಧವಿಮಾನದಲ್ಲಿ ನ್ಯಾವಿಕಂಪ್ಯೂಟರ್ ಇಡುವಷ್ಟು ಜಾಗವಿಲ್ಲ. ಆದ್ದರಿಂದ ಪೈಲಟ್ಟಿನ ಬೆನ್ನ ಹಿಂದಿನ ಗುಳಿಯಲ್ಲಿ ಇಂಥ ಡ್ರಾಯ್ಡನ್ನು ಇಳಿಸುತ್ತಾರೆ. ಹತ್ತು ಜಿಗಿತಗಳ ಅಂಕಿಗಳನ್ನು ಅದು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಹನ್ನೊಂದನೆಯದು ಬೇಕಾದರೆ ಎಲ್ಲಾದರೂ ಇಳಿದು ಮತ್ತೆ ತುಂಬಿಸಿಕೊಳ್ಳಬೇಕು. ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ.

ಈಗ ಕಿವಿಯನ್ನು ಗೋಡೆಗೆ ಒತ್ತಿ. ಒಳಗೆ ಏನೋ ಗುನುಗುತ್ತಿದೆ. 1980ರ ಎರಡನೇ ಚಿತ್ರದಲ್ಲಿ ಹಾನ್ ಈ ಹಡಗಿನ ಜೊತೆ ಮಾತಾಡಿ ಏನು ಕೆಟ್ಟಿದೆ ಕೇಳು ಎಂದು ದುಭಾಷಿ ಡ್ರಾಯ್ಡನ್ನು ಕಳಿಸಿದಾಗ, ಅದು ಹಡಗಿನ ಮಾತಿನ ಧಾಟಿ ವಿಚಿತ್ರವಾಗಿದೆ ಎಂದು ದೂರುತ್ತದೆ. ಆಗ ಅದೊಂದು ನಗೆಚಟಾಕಿ. 38 ವರ್ಷ ಕಳೆದು, 2018ರ ‘ಸೋಲೊ’ ಚಿತ್ರ ಆ ಧಾಟಿ ಯಾರದ್ದೆಂದು ತೋರಿಸಿತು. ಎಲ್3-37 ಎಂಬ ಡ್ರಾಯ್ಡ್ ಇದ್ದಳು. ಬಾಯಿಬಡುಕಿ, ಜಗಳಗಂಟಿ, ಆದರೆ ಗ್ಯಾಲಕ್ಸಿಯ ದಾರಿಗಳು ಅವಳ ತಲೆಯಲ್ಲಿದ್ದಷ್ಟು ಇನ್ನಾರ ತಲೆಯಲ್ಲೂ ಇರಲಿಲ್ಲ. ಕೆಸೆಲ್ ಗ್ರಹದ ಗಣಿಯಲ್ಲಿ ಗುಂಡು ತಾಗಿ ಅವಳು ಮುರಿದುಬಿದ್ದಳು. ಹೊರಡಲು ದಾರಿ ಬೇಕಿತ್ತು, ದಾರಿ ಇದ್ದದ್ದು ಅವಳ ಮಿದುಳಿನಲ್ಲಿ. ಅದನ್ನು ಬಿಚ್ಚಿ ತೆಗೆದು ಹಡಗಿನ ಕಂಪ್ಯೂಟರಿಗೆ ಜೋಡಿಸಿದರು.

ಗೋಡೆಯೊಳಗೆ ಗುನುಗುತ್ತಿರುವುದು ಅವಳೇ. ಹಾನ್ ಮುಂದೆ ಕೂತು ಕಾಯುತ್ತಿದ್ದದ್ದು ಅವಳ ಉತ್ತರಕ್ಕೆ.

ಆ ದಿನದ ಓಟವೇ ಹಾನ್ ಎಲ್ಲರೆದುರು ಕೊಚ್ಚಿಕೊಳ್ಳುವ ಕೆಸೆಲ್ ಓಟ. ಹನ್ನೆರಡು ಪಾರ್ಸೆಕ್ಕಿಗೂ ಕಡಿಮೆಯಲ್ಲಿ ಮುಗಿಸಿದೆ ಎನ್ನುತ್ತಾನೆ. ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ, ಅದು ದೂರದ ಅಳತೆ, ಹೊತ್ತಿನದ್ದಲ್ಲ. ಮೈಸೂರಿಗೆ ನೂರಮೂವತ್ತು ಕಿಲೋಮೀಟರಿನಲ್ಲಿ ಬಂದೆ ಎಂದು ಯಾರಾದರೂ ವೇಗದ ಜಂಭ ಕೊಚ್ಚುತ್ತಾರೆಯೇ ಎಂದು ಖಗೋಳ ಬಲ್ಲವರು ನಾಲ್ಕು ದಶಕ ನಕ್ಕರು. ಆಮೇಲೆ ಬಂದ ಉತ್ತರ ಸಮಜಾಯಿಷಿಯೇ ಆದರೂ ಚೆನ್ನಾಗಿದೆ. ಕೆಸೆಲ್ಲಿನ ಸುತ್ತ ಸುಳಿಯುವ ಮೋಡ, ದೈತ್ಯ ಬಂಡೆಗಳು, ನಡುವೆ ಮಾ ಎಂಬ ಗುರುತ್ವದ ಮಡು. ಸುರಕ್ಷಿತ ಕಾಲುವೆ ಒಂದೇ, ಅದು ಬಳಸಿ ಬಳಸಿ ಸಾಗಿ ಇಪ್ಪತ್ತು ಪಾರ್ಸೆಕ್ ಆಗುತ್ತದೆ, ಅಂದರೆ ಸುಮಾರು 65 ಜ್ಯೋತಿರ್ವರ್ಷ. ಹಡಗಿನಲ್ಲಿದ್ದದ್ದು ಶುದ್ಧಿ ಮಾಡದ ಕೊಆಕ್ಸಿಯಮ್ ಇಂಧನ, ಬಿಸಿಯಾದರೆ ಸಿಡಿಯುವಂಥದ್ದು. ಬಳಸಿ ಹೋಗುವಷ್ಟು ಹೊತ್ತಿರಲಿಲ್ಲ. ಹಾನ್ ಮಡುವಿನ ಅಂಚಿನಲ್ಲೇ ನುಗ್ಗಿ ದಾರಿಯನ್ನು 39 ಜ್ಯೋತಿರ್ವರ್ಷದ ಆಸುಪಾಸಿಗೆ ಇಳಿಸಿದ. ನಾವಿಕನ ಜಂಭ ಎಂದರೆ ಇದೇ ಇರಬೇಕು: ಎಷ್ಟು ಬೇಗ ಹೋದೆ ಎಂಬುದಲ್ಲ, ಎಷ್ಟು ಹತ್ತಿರದಲ್ಲಿ ಹೋದೆ ಎಂಬುದು.

ಅತ್ತ ಲ್ಯೂಕ್ ಖಡ್ಗ ಹಿಡಿದು ಅಭ್ಯಾಸಕ್ಕೆ ನಿಂತಿದ್ದಾನೆ. ಮುದುಕ ಅವನ ತಲೆಗೆ ಕಣ್ಣು ಮುಚ್ಚುವ ಹೆಲ್ಮೆಟ್ ಹಾಕಿದ್ದಾನೆ. ಗಾಳಿಯಲ್ಲಿ ತೇಲುವ ಚೆಂಡು ಕಿಡಿ ಹಾರಿಸುತ್ತದೆ, ಹುಡುಗ ಕಾಣದೆಯೇ ತಡೆಯುತ್ತಾನೆ. ಹಾನ್‌ಗೆ ಇದೆಲ್ಲ ಗಿಮಿಕ್. ಅವನಿಗೆ ತಿಳಿಯದ ಸಂಗತಿಯೊಂದನ್ನು ಝಾನ್ ತಮ್ಮ ಕಾದಂಬರಿಗಳಲ್ಲಿ ಬಹಳ ವರ್ಷಗಳ ನಂತರ ಬರೆದರು. ಗ್ಯಾಲಕ್ಸಿಯ ಆಚೆ ಬದಿಯಲ್ಲಿ ಚಿಸ್ ಎಂಬ ನೀಲಿ ಚರ್ಮದ ಜನ. ಅವರ ಸೀಮೆಯಲ್ಲಿ ಹೆದ್ದಾರಿಗಳಿಲ್ಲ, ಹಳೇ ಅಂಕಿಗಳು ಕೆಲಸಕ್ಕೆ ಬಾರವು, ಏಕೆಂದರೆ ಅಲ್ಲಿ ನೆರಳುಗಳೇ ನಿಂತಲ್ಲಿ ನಿಲ್ಲುವುದಿಲ್ಲ. ಅಲ್ಲಿ ದೂರದ ಪಯಣಕ್ಕೆ ಹಡಗು ನಡೆಸುವುದು ಒಬ್ಬಳು ಪುಟ್ಟ ಹುಡುಗಿ.

ಅವಳ ಹಡಗಿನಲ್ಲಿ ಒಂದು ಗಳಿಗೆ ನಿಲ್ಲಿ. ಏಳೆಂಟು ವರ್ಷದವಳು. ಪೈಲಟ್ಟಿನ ಸೀಟು ಅವಳಿಗೆ ದೊಡ್ಡದು. ಎರಡೂ ಕೈ ಹಿಡಿಕೆಗಳ ಮೇಲೆ, ನೋಟ ಎಲ್ಲಿಯೋ. ಮುಂದಿನ ಕೆಲವು ಕ್ಷಣಗಳಲ್ಲಿ ಏನು ಎದುರಾಗುತ್ತದೋ ಅದು ಅವಳಿಗೆ ಮೊದಲೇ ಹೊಳೆಯುತ್ತದೆ. ಹೊಳೆದತ್ತ ಕೈ ಹೊರಳುತ್ತದೆ, ಕೈ ಹೊರಳಿದತ್ತ ಸಾವಿರಾರು ಟನ್ನಿನ ಹಡಗು. ದೊಡ್ಡವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದಾರೆ. ದಣಿದಾಗ ಅವಳನ್ನು ಎಬ್ಬಿಸಿ ಊಟ ಮಾಡಿಸಿ ಮಲಗಿಸಲು ಒಬ್ಬ ಹೆಂಗಸಿದ್ದಾಳೆ. ಹದಿಹರೆಯ ಕಾಲಿಟ್ಟಂತೆ ಈ ಶಕ್ತಿ ಮಾಸಿಹೋಗುತ್ತದೆ, ಆಮೇಲೆ ಅವಳು ಎಲ್ಲರಂತೆ ಒಬ್ಬಳು. ಇಂಥ ಹುಡುಗಿಯರಿಗೆ ಆ ಜನ ಇಟ್ಟ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದರೆ ಸ್ಕೈವಾಕರ್ ಎಂದಾಗುತ್ತದೆ. ಹೆಲ್ಮೆಟ್ಟಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ಹುಡುಗನ ಮನೆತನದ ಹೆಸರೂ ಅದೇ. ಲುಕಾಸ್ ಇಟ್ಟ ಹೆಸರಿಗೆ ಝಾನ್ ನಲವತ್ತು ವರ್ಷ ಕಳೆದು ಒಂದು ಉದ್ಯೋಗ ಕೊಟ್ಟರು.

ಮುಂದೇನಾಗುವುದೆಂದು ಕಂಡೇ ಹಡಗು ನಡೆಸುವ ಆಲೋಚನೆಗೆ ಹಿರಿಯಣ್ಣ ಬೇರೆಯೇ ಇದ್ದಾನೆ. 1965ರ ‘ಡ್ಯೂನ್’ ಕಾದಂಬರಿಯಲ್ಲಿ ಫ್ರಾಂಕ್ ಹರ್ಬರ್ಟ್ ಯೋಚಿಸುವ ಯಂತ್ರಗಳನ್ನೇ ನಿಷೇಧಿಸಿಬಿಟ್ಟರು. ಕಂಪ್ಯೂಟರ್ ಇಲ್ಲದ ಮೇಲೆ ನಾವಿಕರು ಒಂದು ಮಸಾಲೆ ಪುಡಿಯ ಅಮಲಿನಲ್ಲಿ ಭವಿಷ್ಯವನ್ನು ಇಣುಕಿ ಸುರಕ್ಷಿತ ದಾರಿ ಆರಿಸುತ್ತಾರೆ. ಲುಕಾಸ್ ಅವರ ಕೆಸೆಲ್ಲಿನಲ್ಲಿ ಅಗೆಯುವುದೂ ಮಸಾಲೆಯನ್ನೇ. ಯಾರ ಅಂಗಡಿಯಿಂದ ಬಂತು ಎಂದು ಕೇಳುವ ಅಗತ್ಯವಿಲ್ಲ.

ಯಂತ್ರವೂ ಇಲ್ಲದೆ ಭವಿಷ್ಯವಾಣಿಯೂ ಇಲ್ಲದೆ ಈ ದಾರಿಯಲ್ಲಿ ಓಡಾಡುವವೂ ಇವೆ, ಪರ್ಗಿಲ್‌ಗಳು. ತಿಮಿಂಗಿಲದಂಥ ಪ್ರಾಣಿಗಳು, ಉದ್ದನೆ ಬಳ್ಳಿಕಾಲುಗಳು, ಹಿಂಡುಹಿಂಡಾಗಿ ತೇಲುತ್ತ ಬಂದು ಹಾಗೇ ಹೈಪರ್‌ಸ್ಪೇಸಿಗೆ ನುಸುಳಿಬಿಡುತ್ತವೆ. ‘ರೆಬೆಲ್ಸ್’ ಧಾರಾವಾಹಿಯಲ್ಲಿ ಪೈಲಟ್ಟುಗಳಿಗೆ ಅವುಗಳ ಹೆಸರೆತ್ತಿದರೆ ಸಿಟ್ಟು. ಹೆದ್ದಾರಿಯಲ್ಲಿ ಮಲಗಿದ ದನಗಳ ಮೇಲೆ ನಮ್ಮ ಲಾರಿಯವರಿಗೆ ಬರುವ ಸಿಟ್ಟೇ. 2023ರ ‘ಅಸೋಕ’ದಲ್ಲಿ ಅದೇ ಪ್ರಾಣಿಗಳ ವಲಸೆಯ ಜಾಡು ಬೇರೊಂದು ಗ್ಯಾಲಕ್ಸಿಗೇ ಒಯ್ಯುತ್ತದೆ. ಆನೆ ನಡೆದ ಜಾಡನ್ನೇ ಅಗಲ ಮಾಡಿ ಬಂಡಿದಾರಿ ಮಾಡಿಕೊಂಡ ಮಲೆನಾಡಿನವರಿಗೆ ಇದರಲ್ಲಿ ಬೆರಗಾಗುವಂಥದ್ದು ಕಡಿಮೆ.

ದಾರಿ ಗೊತ್ತಿದ್ದರೂ ದಾರಿಯ ಮೇಲೆ ಭರವಸೆಯಿಡುವಂತಿಲ್ಲ ಎಂಬುದಕ್ಕೆ ಎರಡು ಮಾತು ಸೇರಿಸುತ್ತೇನೆ. ಸಾಮ್ರಾಜ್ಯದ ಬಳಿ ಇಂಟರ್‌ಡಿಕ್ಟರ್ ಎಂಬ ನೌಕೆಗಳಿವೆ. ಅವು ಕೃತಕವಾಗಿ ಗುರುತ್ವದ ನೆರಳು ಬೀಳಿಸುತ್ತವೆ. ನೀವು ನೆಮ್ಮದಿಯಾಗಿ ಹೋಗುತ್ತಿರುವಾಗ ಇಲ್ಲದ ಗ್ರಹಕ್ಕೆ ಬೆದರಿ ಎಂಜಿನ್ ಆರುತ್ತದೆ. ಕಣ್ಣು ಬಿಟ್ಟರೆ ಎದುರಿಗೇ ಪೊಲೀಸು. ಬೋರ್ಡೂ ಇಲ್ಲದೆ, ಬಣ್ಣವೂ ಬಳಿಯದೆ ರಾತ್ರೋರಾತ್ರಿ ಹಾಕಿದ ಹಂಪು ಅದು. ಇನ್ನೊಂದು, 2021ರ ‘ಲೈಟ್ ಆಫ್ ದ ಜೆಡೈ’ ಕಾದಂಬರಿಯ ದುರಂತ. ಲೆಗಸಿ ರನ್ ಎಂಬ ಹಡಗು ಹೈಪರ್‌ಸ್ಪೇಸಿನ ಒಳಗೇ ಒಡೆದು ಚೂರಾಗುತ್ತದೆ. ಚೂರುಗಳು ಎಲ್ಲೆಲ್ಲೋ, ಯಾವ್ಯಾವಾಗಲೋ, ಅದೇ ಭಯಂಕರ ವೇಗದಲ್ಲಿ ಆಕಾಶದಿಂದ ಹೊರಬೀಳತೊಡಗುತ್ತವೆ. ಕೆಲವು ಚೂರುಗಳಲ್ಲಿ ಜನ ಇನ್ನೂ ಬದುಕಿದ್ದಾರೆ. ಮುಂದಿನದು ಎಲ್ಲಿ ಬೀಳುತ್ತದೆಂದು ತಿಳಿಯಲು ಸಾವಿರಾರು ಡ್ರಾಯ್ಡ್‌ಗಳನ್ನು ಒಂದಕ್ಕೊಂದು ಹೆಣೆದು ಲೆಕ್ಕ ಹಾಕಿಸುತ್ತಾರೆ, ಲೆಕ್ಕದ ಬಿಸಿಗೆ ಅವು ಸುಡತೊಡಗುತ್ತವೆ.

ಮುದುಕ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕೂತಿದ್ದಾನೆ. ಏನಾಯಿತೆಂದು ಕೇಳಿದರೆ ಸ್ಪಷ್ಟವಾಗಿ ಹೇಳಲಾರ. ಎಲ್ಲೋ ಬಹಳ ದೊಡ್ಡದೇನೋ ಕೆಟ್ಟದಾಯಿತು ಎನ್ನುತ್ತಾನೆ. ಹಾನ್ ಕೇಳಿಸಿಕೊಳ್ಳುವುದಿಲ್ಲ. ಎರಡು ಗಂಟೆಯ ಹೊತ್ತಿಗೆ ಆಲ್ಡೆರಾನ್ ಎಂದು ಆಗಲೇ ಹೇಳಿಯಾಗಿದೆ. ಗೋಡೆಯ ಮೇಲೆ ದೀಪ ಮಿನುಗುತ್ತದೆ, ಬಂತು.

ಓಡಿ ಬನ್ನಿ, ನಿಮ್ಮ ಸೀಟು ಖಾಲಿಯೇ ಇದೆ. ಹಾನ್ ಲಿವರನ್ನು ಹಿಂದಕ್ಕೆ ಎಳೆಯುತ್ತಾನೆ. ಬಿಳಿ ದಾರಗಳು ಸರ್ರನೆ ಕುಗ್ಗಿ ಚುಕ್ಕೆಗಳಾಗುತ್ತವೆ. ಕಿಟಕಿಯ ತುಂಬ ನೀಲಿ ಗ್ರಹ ಇರಬೇಕಿತ್ತು.

ಕಲ್ಲು. ಎಲ್ಲ ಕಡೆಯಿಂದ ಕಲ್ಲು. ಹಡಗಿನ ಮೈಗೆ ಬಡಿದು ದಡಬಡ ಸದ್ದು; ಸರಪಳಿಯ ದಾಳಗಳು ಕುಣಿಯುತ್ತಿವೆ. ಹಾನ್ ಪರದೆ ನೋಡುತ್ತಾನೆ, ಕಿಟಕಿ ನೋಡುತ್ತಾನೆ, ಮತ್ತೆ ಪರದೆ. ಅಂಕಿಗಳಲ್ಲಿ ತಪ್ಪಿಲ್ಲ. ಬಂದದ್ದು ಸರಿಯಾದ ಜಾಗಕ್ಕೇ. ಗ್ರಹದ ತೂಕವೂ ಎಲ್ಲಿಗೂ ಹೋಗಿಲ್ಲ, ಚೂರುಚೂರಾಗಿ ನಿಮ್ಮ ಸುತ್ತ ಹಾರುತ್ತಿದೆ. ಎಲ್3 ತನಗೆ ಗೊತ್ತಿದ್ದದ್ದನ್ನು ಸರಿಯಾಗಿಯೇ ಹೇಳಿದ್ದಾಳೆ.

ಆಗ ಪಕ್ಕದಿಂದ ಒಂದು ಪುಟ್ಟ ಯುದ್ಧವಿಮಾನ ಕಿರುಚುತ್ತ ಹಾದುಹೋಗುತ್ತದೆ. ಟೈ ಫೈಟರ್, ಸಾಮ್ರಾಜ್ಯದ್ದು. ಅಷ್ಟು ಚಿಕ್ಕದರಲ್ಲಿ ಹೈಪರ್‌ಸ್ಪೇಸಿನ ಎಂಜಿನ್ ಇರುವುದಿಲ್ಲ, ನ್ಯಾವಿಕಂಪ್ಯೂಟರ್ ಇರುವುದಿಲ್ಲ, ಹಿಂದೆ ಡ್ರಾಯ್ಡ್ ಕೂರುವ ಗುಳಿಯೂ ಇಲ್ಲ. ಅದು ದೂರದಿಂದ ಬಂದದ್ದಲ್ಲ, ದೂರ ಹೋಗಲಾರದು. ಹತ್ತಿರದಲ್ಲೇ ಅದಕ್ಕೊಂದು ಮನೆ ಇರಬೇಕು. ಹಾನ್ ಬೆನ್ನಟ್ಟುತ್ತಾನೆ. ವಿಮಾನ ಒಂದು ಸಣ್ಣ ಚಂದ್ರನತ್ತ ಓಡುತ್ತಿದೆ, ಬೂದು ಬಣ್ಣದ, ಗುಂಡನೆಯ ಚಂದ್ರ.

ನ್ಯಾವಿಕಂಪ್ಯೂಟರಿನ ನಕ್ಷೆಯಲ್ಲಿ ಅಂಥದ್ದೊಂದಿಲ್ಲ. ಮುದುಕನ ಮುಖ ನೋಡಿ, ಅವನಿಗೆ ಆಗಲೇ ತಿಳಿದಿದೆ. ಹಾನ್ ಹಡಗನ್ನು ಹಿಂದಕ್ಕೆ ತಿರುಗಿಸೆಂದು ಕೂಗುತ್ತಾನೆ, ಚ್ಯೂಬಾಕ ಲಿವರುಗಳನ್ನೆಲ್ಲ ಒಟ್ಟಿಗೆ ಎಳೆಯುತ್ತಾನೆ, ಎಂಜಿನ್ ಅರಚುತ್ತದೆ. ನಿಮ್ಮ ಸೀಟು ಮತ್ತೆ ನಡುಗತೊಡಗುತ್ತದೆ. ಕಿಟಕಿಯಲ್ಲಿ ಚಂದ್ರ ಇನ್ನೂ ದೊಡ್ಡದಾಗುತ್ತಲೇ ಇದೆ.